ಬ್ಯಾಂಕ್ ತಪ್ಪಾಗಿ ಹಿಡಿದ ಶುಲ್ಕ ವಾಪಸ್ ಕೇಳುವಾಗ ಬಡ್ಡಿ ಎಷ್ಟು, ಯಾವಾಗಿನಿಂದ?

ಖಾತೆ_ಕೀರ್ದಿ (ಪ್ರಶ್ನೆ)

ಎರಡು ಖಾತೆಗಳಿವೆ. ಎರಡಕ್ಕೂ ಬಡ್ಡಿ ಲೆಕ್ಕ ಹಾಕಬೇಕು.

ಒಂದು ಉಳಿತಾಯ ಖಾತೆ. ಮಿನಿಮಮ್ ಬ್ಯಾಲೆನ್ಸ್ ಇಲ್ಲ ಅಂತ ನಾಲ್ಕು ಸಲ ತಲಾ 590 ರೂ. ಕಡಿತವಾಗಿದೆ (500 ಶುಲ್ಕ, 90 ಜಿಎಸ್‌ಟಿ): 5-7-2024, 5-10-2024, 4-1-2025, 5-4-2025. ಒಟ್ಟು 2,360 ರೂ. ನಾಲ್ಕರಲ್ಲಿ ಯಾವುದಕ್ಕೂ ಮುಂಚೆ ಎಸ್‌ಎಂಎಸ್ ಇಲ್ಲ, ಇಮೇಲ್ ಇಲ್ಲ, ಪತ್ರವೂ ಇಲ್ಲ.

ಇನ್ನೊಂದು ಅಂಗಡಿಯ ಓವರ್‌ಡ್ರಾಫ್ಟ್ ಖಾತೆ (ಓಡಿ, ಅಂದರೆ ಲಿಮಿಟ್‌ವರೆಗೆ ಸಾಲವಾಗಿ ಹಣ ತೆಗೆಯುವ ಖಾತೆ). ಲಿಮಿಟ್ ನವೀಕರಣದ ಪ್ರೊಸೆಸಿಂಗ್ ಶುಲ್ಕ 11,800 ರೂ. 10-9-2024ರಂದು ಎರಡು ಸಲ ಡೆಬಿಟ್ ಆಗಿದೆ. ಓಡಿ ಬಡ್ಡಿ ಶೇ 11, ಪ್ರತಿ ತಿಂಗಳ ಕೊನೆಗೆ ಖಾತೆಗೇ ಬೀಳುತ್ತದೆ.

1-10-2025ರಂದು ಶಾಖೆಗೆ ಬರವಣಿಗೆಯಲ್ಲಿ ದೂರು ಕೊಟ್ಟು ಮುದ್ರೆ ಹಾಕಿಸಿಕೊಂಡಿದ್ದಾಗಿದೆ. ಅದರಲ್ಲಿ ಕೇಳಿರುವುದು ಹಣ ವಾಪಸ್ ಅಂತ ಮಾತ್ರ, ಬಡ್ಡಿಯ ಮಾತಿಲ್ಲ. ಈಗ ಶಾಖೆಯವರು "ಹಿಡಿದಷ್ಟು ಕೊಡ್ತೀವಿ, ಬಡ್ಡಿ ಕೊಡೋಕೆ ನಿಯಮ ಇಲ್ಲ" ಅನ್ನುತ್ತಿದ್ದಾರೆ. ಉಳಿತಾಯ ಖಾತೆಗೆ ಸಿದ್ಧವಾಗಿರುವ ಲೆಕ್ಕ ಹೀಗಿದೆ: 2,360 ರೂ.ಗೆ ಮೊದಲ ಕಡಿತದ ದಿನದಿಂದ 31-12-2025ರವರೆಗೆ 544 ದಿನ, ಶೇ 18ರಂತೆ 633 ರೂ. ಇದು ನಿಲ್ಲುತ್ತದೆಯೇ? ಯಾವ ದರ ಹಾಕಬೇಕು, ಸರಳ ಬಡ್ಡಿಯೋ ಚಕ್ರಬಡ್ಡಿಯೋ, ಜಿಎಸ್‌ಟಿ ಮೊತ್ತಕ್ಕೂ ಬಡ್ಡಿ ಕೇಳಬಹುದೇ?

—

ಬ್ಯಾಕ್_ಆಫೀಸ್

ಆ 633 ನಿಲ್ಲುವುದಿಲ್ಲ. ದಿನದ ಲೆಕ್ಕವೂ ಸರಿಯಿಲ್ಲ, ದರಕ್ಕೂ ಆಧಾರವಿಲ್ಲ.

ಮೊದಲು ದಿನಗಳನ್ನು ನೋಡಿ. ಏಪ್ರಿಲ್ 2025ರಲ್ಲಿ ಹೋದ 590 ರೂ.ಗೆ ಜುಲೈ 2024ರಿಂದ ಬಡ್ಡಿ ಕೇಳಿದಂತಾಗಿದೆ. ಆ ಒಂಬತ್ತು ತಿಂಗಳು ಅದು ನಿಮ್ಮ ಖಾತೆಯಲ್ಲೇ ಇತ್ತು. ಪ್ರತಿ ಡೆಬಿಟ್‌ಗೂ ಅದರದೇ ತಾರೀಖಿನಿಂದ ಎಣಿಸಬೇಕು. ಬ್ಯಾಂಕಿನವರು ಬಳಸುವ ಪ್ರಾಡಕ್ಟ್ ವಿಧಾನವನ್ನೇ ಬಳಸಿ, ಆಗ ಅವರೂ ಲೆಕ್ಕ ತಾಳೆ ನೋಡುವುದು ಸುಲಭ. ಮೊತ್ತವನ್ನು ದಿನಗಳಿಂದ ಗುಣಿಸಿ, ಎಲ್ಲ ಗುಣಲಬ್ಧ ಕೂಡಿಸಿ, ಕೊನೆಗೆ ಒಂದೇ ಸಲ ದರ ಹಾಕಿ.

5-7-2024ರಿಂದ 31-12-2025: 544 ದಿನ
5-10-2024ರಿಂದ: 452 ದಿನ
4-1-2025ರಿಂದ: 361 ದಿನ
5-4-2025ರಿಂದ: 270 ದಿನ

ನಾಲ್ಕೂ ಮೊತ್ತ ಒಂದೇ ಆಗಿರುವುದರಿಂದ ದಿನಗಳನ್ನು ನೇರವಾಗಿ ಕೂಡಿಸಬಹುದು: 1,627. 590ರಿಂದ ಗುಣಿಸಿದರೆ 9,59,930. ಇದೇ ನಿಮ್ಮ ಪ್ರಾಡಕ್ಟ್. ಬಡ್ಡಿ ಬೇಕಾದರೆ ಇದನ್ನು ದರದಿಂದ ಗುಣಿಸಿ 36,500ರಿಂದ ಭಾಗಿಸಿ. ಶೇ 2.5ಕ್ಕೆ (ಉಳಿತಾಯ ಖಾತೆಯ ದರ ಅಷ್ಟಿದ್ದರೆ) 65.75 ರೂ., ಶೇ 6ಕ್ಕೆ 157.80, ಶೇ 9ಕ್ಕೆ 236.70. ನೀವು ಹಾಕಿದ ವಿಧಾನದಲ್ಲಿ ಪ್ರಾಡಕ್ಟ್ 12,83,840 ಆಗುತ್ತದೆ, ಅಂದರೆ ದರ ಯಾವುದೇ ಇರಲಿ, ಮೂರನೇ ಒಂದು ಪಾಲು ಹೆಚ್ಚು. ಇಂಥದ್ದು ಕಣ್ಣಿಗೆ ಬಿದ್ದರೆ ಪರಿಶೀಲಿಸುವವರು ಮಿಕ್ಕ ಲೆಕ್ಕವನ್ನೂ ನಂಬುವುದಿಲ್ಲ.

ದಿನ ಎಣಿಸುವಾಗ ಕಡಿತದ ದಿನವನ್ನಾದರೂ ಬಿಡಿ, ಕೊನೆಯ ದಿನವನ್ನಾದರೂ ಬಿಡಿ, ಎರಡನ್ನೂ ಸೇರಿಸಬೇಡಿ. ಮೇಲಿನ ಲೆಕ್ಕದಲ್ಲಿ ಕಡಿತದ ದಿನ ಬಿಟ್ಟಿದೆ. ಲೀಪ್ ವರ್ಷ ಬಂದರೂ ಭಾಜಕ 365 ಅಂತಲೇ ಇಟ್ಟುಕೊಂಡು, ಹಾಗೆ ಇಟ್ಟುಕೊಂಡಿದ್ದೇನೆ ಅಂತ ಅಡಿಟಿಪ್ಪಣಿಯಲ್ಲಿ ಬರೆಯಿರಿ.

ಇನ್ನು ದರ. ಶೇ 18 ಅನ್ನುವುದಕ್ಕೆ ಏನು ಆಧಾರ? ಜಿಎಸ್‌ಟಿ ದರ 18 ಆಗಿರುವುದರಿಂದ ಅದೇ ಸಂಖ್ಯೆ ತಲೆಯಲ್ಲಿ ಕೂತಿರುತ್ತದೆ, ಬಹಳ ಅರ್ಜಿಗಳಲ್ಲಿ ಹೀಗೇ ಬರುತ್ತದೆ. ಶಾಖೆಯ ಹಂತದಲ್ಲಿ ಕೇಳಬೇಕಾದ ಪ್ರಶ್ನೆ ಒಂದೇ: ಈ ಹಣ ತೆಗೆಯದೇ ಇದ್ದಿದ್ದರೆ ಎಲ್ಲಿರುತ್ತಿತ್ತು? ಉಳಿತಾಯ ಖಾತೆಯಲ್ಲಿ ಇರುತ್ತಿದ್ದರೆ ಆ ಖಾತೆಯ ದರ. ಓಡಿಯಲ್ಲಿ ಇರುತ್ತಿದ್ದರೆ ಅಷ್ಟು ಸಾಲ ಕಡಿಮೆಯಾಗಿರುತ್ತಿತ್ತು, ಆದ್ದರಿಂದ ಓಡಿಯ ದರ.

"ನಿಯಮ ಇಲ್ಲ" ಅನ್ನುವ ಉತ್ತರವನ್ನು ಒಪ್ಪಬೇಡಿ. ಪ್ರತಿ ಬ್ಯಾಂಕಿಗೂ ಆಡಳಿತ ಮಂಡಳಿ ಒಪ್ಪಿದ ಪರಿಹಾರ ನೀತಿ ಇರುತ್ತದೆ, ವೆಬ್‌ಸೈಟಿನಲ್ಲಿ ಸಿಗುತ್ತದೆ. ತಪ್ಪು ಡೆಬಿಟ್‌ನಿಂದ ಉಳಿತಾಯ ಖಾತೆಯ ಬಡ್ಡಿ ಕಡಿಮೆಯಾದರೆ, ಅಥವಾ ಸಾಲದ ಖಾತೆಗೆ ಹೆಚ್ಚುವರಿ ಬಡ್ಡಿ ಬಿದ್ದರೆ, ಆ ನಷ್ಟ ತುಂಬಿಕೊಡುತ್ತೇವೆ ಅಂತ ಬಹುತೇಕ ಬ್ಯಾಂಕುಗಳ ನೀತಿಯಲ್ಲಿ ಸ್ಪಷ್ಟವಾಗಿ ಇದೆ. ನಿಮ್ಮ ಬ್ಯಾಂಕಿನದನ್ನು ಇಳಿಸಿಕೊಂಡು, "ತಪ್ಪು ಡೆಬಿಟ್" ಅನ್ನುವ ಕಂಡಿಕೆಯ ಸಂಖ್ಯೆ ಹಾಕಿ ಪತ್ರ ಬರೆಯಿರಿ.

ಇದಕ್ಕಿಂತ ಒಳ್ಳೆಯ ದಾರಿಯೂ ಇದೆ. ಬಡ್ಡಿ ಕೊಡಿ ಅನ್ನುವ ಬದಲು "ಮೂಲ ಡೆಬಿಟ್ ತಾರೀಖಿಗೇ ವ್ಯಾಲ್ಯೂ ಡೇಟ್ ಹಾಕಿ ರಿವರ್ಸ್ ಮಾಡಿ" ಅಂತ ಕೇಳಿ. ಎಂಟ್ರಿ ಬೀಳುವುದು ಇವತ್ತು, ಆದರೆ ಬಡ್ಡಿಯ ಲೆಕ್ಕಕ್ಕೆ ಆ ಹಣ 5-7-2024ರಿಂದಲೇ ಖಾತೆಯಲ್ಲಿತ್ತು ಅಂತ ಸಿಸ್ಟಂ ತಿಳಿಯುತ್ತದೆ. ಉಳಿತಾಯ ಖಾತೆಗೆ 1-4-2010ರಿಂದ ದಿನದ ಬ್ಯಾಲೆನ್ಸ್ ಮೇಲೆ ಬಡ್ಡಿ ಲೆಕ್ಕವಾಗುತ್ತಿರುವುದರಿಂದ ಒಂದೊಂದು ದಿನವೂ ಲೆಕ್ಕಕ್ಕೆ ಸೇರುತ್ತದೆ. ಶಾಖೆಯಲ್ಲಿ ಇವತ್ತಿನ ತಾರೀಖಿಗೆ ಕ್ರೆಡಿಟ್ ಹಾಕಿಬಿಟ್ಟರೆ ಆಮೇಲೆ ಬಡ್ಡಿಗೆ ಬೇರೆ ವೋಚರ್, ಬೇರೆ ಮಂಜೂರಾತಿ ಬೇಕು; ಅದು ಮೇಜಿನಿಂದ ಮೇಜಿಗೆ ಅಲೆಯುತ್ತದೆ.

ಮಿನಿಮಮ್ ಬ್ಯಾಲೆನ್ಸ್ ದಂಡದಲ್ಲಿ ವ್ಯಾಲ್ಯೂ ಡೇಟ್‌ನಿಂದ ಇನ್ನೊಂದು ಲಾಭವಿದೆ, ಅದು ಬಡ್ಡಿಗಿಂತ ದೊಡ್ಡದು. ಜುಲೈ 5ರಂದು 590 ಹೋದ ಮೇಲೆ ಆ ತ್ರೈಮಾಸಿಕದ ಉಳಿದ ಎಲ್ಲ ದಿನಗಳ ಬ್ಯಾಲೆನ್ಸ್ 590 ರೂ. ಕಡಿಮೆ. ಸರಾಸರಿಯೂ ಹೆಚ್ಚುಕಡಿಮೆ ಅಷ್ಟೇ ಇಳಿಯುತ್ತದೆ. ಹಿಂದಿನ ದಂಡವೇ ಮುಂದಿನ ಕೊರತೆಗೆ ಕಾರಣವಾಗಿರಬಹುದು. ಮೊದಲ ದಂಡ ತೆಗೆದು ಸರಾಸರಿಯನ್ನು ಮತ್ತೆ ಲೆಕ್ಕ ಹಾಕಿದರೆ ಅಕ್ಟೋಬರದ ದಂಡಕ್ಕೆ ಆಧಾರವೇ ಇಲ್ಲದೆ ಹೋಗಬಹುದು, ಇಲ್ಲವೇ ಕೆಳಗಿನ ಸ್ಲ್ಯಾಬಿಗೆ ಬರಬಹುದು. ಇದನ್ನು ಪತ್ರದಲ್ಲಿ ಪ್ರತ್ಯೇಕವಾಗಿ ಕೇಳಿ.

ದಂಡವೇ ತಪ್ಪು ಅನ್ನುವುದಕ್ಕೆ ನಿಮ್ಮ ಆಧಾರ ಗಟ್ಟಿಯಾಗಿದೆ. ರಿಸರ್ವ್ ಬ್ಯಾಂಕಿನ 20-11-2014ರ ಸುತ್ತೋಲೆಯಿಂದ ಬಂದ ನಿಯಮ, 1-4-2015ರಿಂದ ಜಾರಿ: ಬ್ಯಾಲೆನ್ಸ್ ಕಡಿಮೆಯಾದರೆ ಮೊದಲು ತಿಳಿಸಬೇಕು, ಸರಿಪಡಿಸಲು ಒಂದು ತಿಂಗಳು ಕೊಡಬೇಕು, ದಂಡ ಕೊರತೆಯ ಪ್ರಮಾಣಕ್ಕೆ ತಕ್ಕಂತೆ ಇರಬೇಕು, ದಂಡ ಹಾಕಿದ್ದರಿಂದಲೇ ಬ್ಯಾಲೆನ್ಸ್ ಮೈನಸ್‌ಗೆ ಹೋಗಬಾರದು. ತಿಳಿಸಿದ್ದಕ್ಕೆ ಎಸ್‌ಎಂಎಸ್ ಲಾಗ್ ತೋರಿಸಿ ಅಂತ ಕೇಳಿ. ಕಳಿಸಿದ ತಾರೀಖು, ಮೊಬೈಲ್ ಸಂಖ್ಯೆ, ತಲುಪಿದ ಸ್ಥಿತಿ ಮೂರೂ ಲಾಗಿನಲ್ಲಿ ಇರುತ್ತವೆ.

—

ಓಡಿ_ಲೆಡ್ಜರ್

ಓಡಿ ಖಾತೆಯ ಬಗ್ಗೆ ಬರೆಯುತ್ತೇನೆ, ಅಲ್ಲಿ ಚಕ್ರಬಡ್ಡಿ ಕೇಳುವುದು ನ್ಯಾಯವೇ.

ಬ್ಯಾಂಕ್ ತಿಂಗಳಿಗೊಮ್ಮೆ ಬಡ್ಡಿಯನ್ನು ಖಾತೆಗೆ ಡೆಬಿಟ್ ಮಾಡಿ, ಮುಂದಿನ ತಿಂಗಳು ಅದರ ಮೇಲೂ ಬಡ್ಡಿ ಹಾಕುತ್ತದೆ. ಎರಡನೇ ಸಲ ಹಿಡಿದ 11,800 ಕೂಡ ಹಾಗೆಯೇ ಬೆಳೆದಿದೆ. ಸರಳ ಬಡ್ಡಿಯಲ್ಲಿ 10-9-2024ರಿಂದ 31-12-2025ಕ್ಕೆ 477 ದಿನ, ಶೇ 11ಕ್ಕೆ 1,696 ರೂ. ತಿಂಗಳ ಚಕ್ರಬಡ್ಡಿಯಲ್ಲಿ (ಸೆಪ್ಟೆಂಬರಿನ 20 ದಿನ, ಆಮೇಲೆ 15 ಪೂರ್ತಿ ತಿಂಗಳು) ಸುಮಾರು 1,815 ರೂ. ವ್ಯತ್ಯಾಸ ಹೆಚ್ಚುಕಡಿಮೆ 119 ರೂ. ಇದನ್ನು ನೀವು ಆಗಲೇ ಕಟ್ಟಿದ್ದೀರಿ ಅಥವಾ ಸಾಲದಲ್ಲಿ ಹೊತ್ತಿದ್ದೀರಿ. ಅಂದಮೇಲೆ ಇದು ಹೊಸ ಬೇಡಿಕೆಯಲ್ಲ, ನಿಮ್ಮಿಂದ ಹೋದದ್ದೇ ವಾಪಸ್.

ಆದರೆ ಈ ಲೆಕ್ಕ ಕೆಡುವುದು ಎರಡು ಕಡೆ.

ಖಾತೆ ಕ್ರೆಡಿಟ್ ಬ್ಯಾಲೆನ್ಸ್‌ನಲ್ಲಿ ಇದ್ದ ದಿನಗಳನ್ನು ತೆಗೆಯಬೇಕು. ಹಬ್ಬದ ವ್ಯಾಪಾರದ ಹಣ ಬಂದು ಹತ್ತು ದಿನ ಖಾತೆಯಲ್ಲಿ ಹಣವೇ ಉಳಿದಿದ್ದರೆ, ಆ ಹತ್ತು ದಿನ ಓಡಿ ಬಡ್ಡಿ ಬಿದ್ದೇ ಇಲ್ಲ, ನಷ್ಟವೂ ಇಲ್ಲ. ಬ್ಯಾಲೆನ್ಸ್ ಮೈನಸ್ 5,000 ಮಾತ್ರ ಇದ್ದ ದಿನ 11,800ಕ್ಕೆ ಬಡ್ಡಿ ಕೇಳುವಂತಿಲ್ಲ. ಹಣ ಇದ್ದಿದ್ದರೆ 5,000ಕ್ಕೆ ಮಾತ್ರ ಬಡ್ಡಿ ಉಳಿಯುತ್ತಿತ್ತು. ಸ್ಟೇಟ್‌ಮೆಂಟಿನ ದಿನದ ಕೊನೆಯ ಬ್ಯಾಲೆನ್ಸ್ ಪಕ್ಕದಲ್ಲಿ ಇನ್ನೊಂದು ಕಾಲಂ ಹಾಕಿ, ಅಲ್ಲಿ "11,800 ಹಿಡಿಯದಿದ್ದರೆ ಇರುತ್ತಿದ್ದ ಬ್ಯಾಲೆನ್ಸ್" ಬರೆಯಿರಿ. ಎರಡೂ ಕಾಲಂಗಳ ಡೆಬಿಟ್ ಬ್ಯಾಲೆನ್ಸಿಗೆ ಬಡ್ಡಿ ಲೆಕ್ಕ ಹಾಕಿ ಕಳೆದರೆ ನಿಜವಾದ ನಷ್ಟ ಸಿಗುತ್ತದೆ.

ಎರಡನೆಯದು, ದರ. ನಿಮ್ಮ ಓಡಿ ರೆಪೊಗೆ (ರಿಸರ್ವ್ ಬ್ಯಾಂಕ್ ಬ್ಯಾಂಕುಗಳಿಗೆ ಸಾಲ ಕೊಡುವ ದರ) ಜೋಡಿಸಿದ್ದಾದರೆ 477 ದಿನವೂ ಶೇ 11 ಇರಲು ಸಾಧ್ಯವಿಲ್ಲ. ರೆಪೊ 2025ರ ಫೆಬ್ರವರಿಯಲ್ಲಿ 6.50ರಿಂದ 6.25ಕ್ಕೆ, ಏಪ್ರಿಲ್‌ನಲ್ಲಿ 6.00ಕ್ಕೆ, ಜೂನ್‌ನಲ್ಲಿ 5.50ಕ್ಕೆ, ಡಿಸೆಂಬರ್‌ನಲ್ಲಿ 5.25ಕ್ಕೆ ಇಳಿದಿದೆ. ರೆಪೊಗೆ ಜೋಡಿಸಿದ ಸಾಲದ ದರ ಮೂರು ತಿಂಗಳಿಗೊಮ್ಮೆಯಾದರೂ ಬದಲಾಗಬೇಕು. ಯಾವ ದಿನದಿಂದ ನಿಮ್ಮ ಖಾತೆಗೆ ಯಾವ ದರ ಅಂತ ಶಾಖೆಯಿಂದ ಬರವಣಿಗೆಯಲ್ಲಿ ತೆಗೆದುಕೊಂಡು, ಅವಧಿ ಒಡೆದು ಲೆಕ್ಕ ಹಾಕಿ. ಹಾಗೆ ನೋಡುವಾಗ ಇಳಿದ ದರ ನಿಮ್ಮ ಖಾತೆಗೆ ಬಂದೇ ಇಲ್ಲ ಅಂತ ಕಂಡರೆ ಅದು ಬೇರೆ ದೂರು, ಬೇರೆ ಮೊತ್ತ, ಇದರೊಳಗೆ ಬೆರೆಸಬೇಡಿ.

ಉಳಿತಾಯ ಖಾತೆಗೂ ತ್ರೈಮಾಸಿಕ ಬಡ್ಡಿ ಖಾತೆಗೇ ಜಮೆಯಾಗುವುದರಿಂದ ಚಕ್ರಬಡ್ಡಿ ವಾದ ಇದೆ. ಆದರೆ 65 ರೂ. ಬಡ್ಡಿಯ ಮೇಲೆ ಅದರಿಂದ ಹೆಚ್ಚುವುದು ಒಂದೆರಡು ರೂಪಾಯಿ. ಸರಳ ಬಡ್ಡಿಯಲ್ಲೇ ಬಿಡಿ.

—

ಖಾತೆ_ಕೀರ್ದಿ

ಇಬ್ಬರಿಗೂ ಧನ್ಯವಾದ. ವ್ಯಾಲ್ಯೂ ಡೇಟ್ ಕೇಳಿ ಹೊಸ ಪತ್ರ ಸಿದ್ಧ ಮಾಡುತ್ತೇನೆ. ಇನ್ನೂ ಒಂದು ಗೊಂದಲ: ಓಂಬುಡ್ಸ್‌ಮನ್ (ಬ್ಯಾಂಕುಗಳ ಮೇಲಿನ ದೂರು ಕೇಳುವ ರಿಸರ್ವ್ ಬ್ಯಾಂಕಿನ ಅಧಿಕಾರಿ) ಅಥವಾ ಗ್ರಾಹಕ ಆಯೋಗಕ್ಕೆ ಹೋದರೂ ಇದೇ ಶೇ 2.5 ಕೇಳಬೇಕೇ? ಶೇ 6, ಶೇ 9 ಅಂತ ಆದೇಶಗಳಲ್ಲಿ ಕಾಣುವುದು ಎಲ್ಲಿಂದ ಬರುತ್ತದೆ?

—

ವಕಾಲತ್ತು_ನಾಮೆ

ಸರ್, ಅದು ಬೇರೆ ಲೆಕ್ಕ. ಬ್ಯಾಂಕ್ ತಾನಾಗಿ ಸರಿಪಡಿಸುವಾಗ ಖಾತೆಯ ದರ ಸಾಕು. ಕೊಡುವುದಿಲ್ಲ ಅಂತ ಕೂತ ಮೇಲೆ, ಹಣ ತಡೆದಿಟ್ಟುಕೊಂಡದ್ದಕ್ಕೆ ಬಡ್ಡಿ ಕೇಳುತ್ತೀರಿ. ಅದಕ್ಕೆ ಆಧಾರ 1978ರ ಬಡ್ಡಿ ಕಾಯ್ದೆಯ 3ನೇ ಸೆಕ್ಷನ್. ಕೊಡುವ ದಿನ ಲಿಖಿತ ಒಪ್ಪಂದದಲ್ಲೇ ನಿಗದಿಯಾಗಿದ್ದ ಸಾಲವಾದರೆ ಆ ದಿನದಿಂದ ಬಡ್ಡಿ. ನಿಮ್ಮಂಥ ಪ್ರಕರಣದಲ್ಲಿ, ಬಡ್ಡಿಯನ್ನೂ ಕೇಳುತ್ತೇನೆ ಅಂತ ಬರವಣಿಗೆಯಲ್ಲಿ ಕೊಟ್ಟ ನೋಟಿಸ್‌ನಲ್ಲಿ ಹೇಳಿದ ದಿನದಿಂದ. ಇಲ್ಲೇ ನಿಮ್ಮ ಅಕ್ಟೋಬರ್ ಪತ್ರ ಸಾಲದು: ಅದು ಮೂಲ ಮೊತ್ತಕ್ಕೆ ನೋಟಿಸ್ ಹೌದು, ಬಡ್ಡಿಗೆ ಅಲ್ಲ. ಹೊಸ ಪತ್ರದಲ್ಲಿ ಈ ಸಾಲು ಇರಲಿ: "ಪ್ರತಿ ಮೊತ್ತಕ್ಕೂ ಅದನ್ನು ಡೆಬಿಟ್ ಮಾಡಿದ ದಿನದಿಂದ, ಅದು ಸಾಧ್ಯವಿಲ್ಲದಿದ್ದರೆ ಈ ಪತ್ರ ತಲುಪಿದ ದಿನದಿಂದ, ಪೂರ್ತಿ ಪಾವತಿಯಾಗುವವರೆಗೆ ವಾರ್ಷಿಕ ಶೇ 9ರ ಬಡ್ಡಿ ಕೊಡಬೇಕು." ಒಂದು ಕೈತಪ್ಪಿದರೂ ಇನ್ನೊಂದು ಉಳಿಯುತ್ತದೆ.

ಅದೇ ಕಾಯ್ದೆ ಎರಡು ಮಿತಿ ಹಾಕುತ್ತದೆ. ದರ "ಚಾಲ್ತಿ ಬಡ್ಡಿ ದರ" ಮೀರುವಂತಿಲ್ಲ. ಹಾಗೆಂದರೆ ಉಳಿತಾಯ ಖಾತೆ ಬಿಟ್ಟು ಉಳಿದ ಠೇವಣಿಗಳಿಗೆ ಶೆಡ್ಯೂಲ್ಡ್ ಬ್ಯಾಂಕುಗಳು ಕೊಡುವ ದರಗಳಲ್ಲಿ ಅತಿ ಹೆಚ್ಚಿನದು. ಎರಡನೆಯದು, ಈ ಕಾಯ್ದೆಯಡಿ ಬಡ್ಡಿಗೆ ಬಡ್ಡಿ ಇಲ್ಲ. ಹಾಗಾಗಿ ಓಡಿಯ 1,815 ರೂ.ಯನ್ನು "ಬಡ್ಡಿ" ಅಂತ ಕರೆಯಬೇಡಿ. ಅದನ್ನು "ತಪ್ಪು ಡೆಬಿಟ್‌ನಿಂದ ಹೆಚ್ಚುವರಿಯಾಗಿ ವಸೂಲಾದ ಮೊತ್ತ" ಅಂತ ನಷ್ಟದ ತಲೆಬರಹದಡಿ ತೋರಿಸಿ, ಬಡ್ಡಿಯ ಬೇಡಿಕೆಯನ್ನು ಬೇರೆ ಸಾಲಿನಲ್ಲಿ ಬರೆಯಿರಿ. ಒಂದೇ ಅವಧಿಗೆ ಶೇ 11ರ ನಷ್ಟವನ್ನೂ ಶೇ 9ರ ಬಡ್ಡಿಯನ್ನೂ ಕೇಳಬೇಡಿ. ಇಂಥ ದಿನದವರೆಗೆ ನಷ್ಟ, ಅದರ ಮರುದಿನದಿಂದ ಬಡ್ಡಿ ಅಂತ ಗೆರೆ ಎಳೆಯಿರಿ.

ಶೇ 6 ಬರುವುದು ಸಿವಿಲ್ ಪ್ರೊಸೀಜರ್ ಕೋಡ್‌ನ 34ನೇ ಸೆಕ್ಷನ್‌ನಿಂದ. ಡಿಕ್ರಿಯ (ಸಿವಿಲ್ ಕೋರ್ಟಿನ ತೀರ್ಪಿನ ಆದೇಶ) ನಂತರದ ಬಡ್ಡಿಗೆ ಅದು ಸಾಮಾನ್ಯ ಮಿತಿ, ವಾಣಿಜ್ಯ ವ್ಯವಹಾರವಾದರೆ ಮೀರಬಹುದು. ಗ್ರಾಹಕ ಆಯೋಗಗಳು ತಮ್ಮ ವಿವೇಚನೆಯಿಂದ ಕೊಡುತ್ತವೆ, ಶೇ 6 ಮತ್ತು ಶೇ 9 ಸಾಮಾನ್ಯ.

ಹಣ ತಪ್ಪಾಗಿ ಹೋಗಿದ್ದರೆ ವಾಪಸ್ ಕೇಳುವ ಹಕ್ಕು 1872ರ ಕರಾರು ಕಾಯ್ದೆಯ 72ನೇ ಸೆಕ್ಷನ್‌ನಲ್ಲಿದೆ. ಕಾಲಮಿತಿ ಮಾತ್ರ ಮರೆಯಬೇಡಿ. ಸಿವಿಲ್ ದಾವೆಗೆ 3 ವರ್ಷ. ಗ್ರಾಹಕ ಆಯೋಗಕ್ಕೆ 2 ವರ್ಷ, ಅಂದರೆ 5-7-2024ರ ದಂಡಕ್ಕೆ ಜುಲೈ 2026ರ ಮೊದಲ ವಾರಕ್ಕೆ ಗಡುವು ಮುಗಿಯುತ್ತದೆ. ಬ್ಯಾಂಕಿಗೆ ಪತ್ರ ಬರೆಯುತ್ತಾ ಇದ್ದರೆ ಗಡುವು ಮುಂದೆ ಹೋಗುವುದಿಲ್ಲ. 5 ಲಕ್ಷದವರೆಗಿನ ಪ್ರಕರಣಕ್ಕೆ ಜಿಲ್ಲಾ ಆಯೋಗದಲ್ಲಿ ಶುಲ್ಕ ಇಲ್ಲ. ಓಡಿ ಅಂಗಡಿಯದ್ದಾದ್ದರಿಂದ "ವಾಣಿಜ್ಯ ಉದ್ದೇಶ" ಅಂತ ಬ್ಯಾಂಕ್ ತಕರಾರು ತೆಗೆಯಬಹುದು. ಸ್ವಂತ ದುಡಿಮೆಯಿಂದ ಜೀವನೋಪಾಯಕ್ಕೆ ನಡೆಸುವ ಅಂಗಡಿ ಅಂತ ದೂರಿನ ಮೊದಲ ಪುಟದಲ್ಲೇ ಹೇಳಿಬಿಡಿ.

—

ಕುಂದುಕೊರತೆ_ವಿಭಾಗ

ಓಂಬುಡ್ಸ್‌ಮನ್‌ಗೆ ಹೋಗುವುದಾದರೆ ಒಂದು ಎಚ್ಚರ. ಬ್ಯಾಂಕಿನ ಮುಂದೆ ಇಡದ ಬೇಡಿಕೆಯನ್ನು ನೇರವಾಗಿ ಅಲ್ಲಿ ಇಟ್ಟರೆ ಅದು ನಿಲ್ಲುವುದಿಲ್ಲ. ಅಕ್ಟೋಬರ್ ಪತ್ರದ ಆಧಾರದ ಮೇಲೆ ಈಗಲೇ ಸಲ್ಲಿಸಿದರೆ ಶುಲ್ಕದ ಭಾಗಕ್ಕೆ ಸರಿ, ಬಡ್ಡಿಯ ಭಾಗ ಬಿದ್ದುಹೋಗುವ ಸಾಧ್ಯತೆ ಹೆಚ್ಚು. ಶುಲ್ಕ, ಜಿಎಸ್‌ಟಿ, ಓಡಿಯ ಹೆಚ್ಚುವರಿ ಬಡ್ಡಿ, ತಡವಾದ ಬಡ್ಡಿ ಎಲ್ಲ ಸೇರಿಸಿ ಒಂದೇ ಹೊಸ ದೂರು ಕೊಟ್ಟು, 30 ದಿನ ಕಾದು, ಆಮೇಲೆ ರಿಸರ್ವ್ ಬ್ಯಾಂಕಿನ ಸಿಎಂಎಸ್ (ದೂರು ಸಲ್ಲಿಸುವ) ಪೋರ್ಟಲ್‌ನಲ್ಲಿ ಹಾಕಿ. ಶುಲ್ಕವಿಲ್ಲ, ವಕೀಲರೂ ಬೇಡ. ಪೋರ್ಟಲ್‌ನಲ್ಲಿ ಮಾತ್ರ ಎರಡು ಖಾತೆಗೆ ಎರಡು ಪ್ರತ್ಯೇಕ ದೂರು ಕೊಡಿ. ಒಂದರ ಕಾಗದ ಸಾಲದೆ ಹೋದರೂ ಇನ್ನೊಂದಕ್ಕೆ ತಡೆಯಾಗದಿರಲಿ. ಬ್ಯಾಂಕ್ ದೂರನ್ನು ಪೂರ್ತಿಯಾಗಿ ಅಥವಾ ಭಾಗಶಃ ತಿರಸ್ಕರಿಸುವ ಮುನ್ನ ಅದು ಬ್ಯಾಂಕಿನ ಆಂತರಿಕ ಓಂಬುಡ್ಸ್‌ಮನ್ ಮುಂದೆ ಹೋಗಿರಬೇಕು. ಉತ್ತರದಲ್ಲಿ ಆ ಮಾತು ಇದೆಯೇ ನೋಡಿ, ಇಲ್ಲದಿದ್ದರೆ ಕೇಳಿ.

ಜಿಎಸ್‌ಟಿ ಬಗ್ಗೆ ಯಾರೂ ಉತ್ತರಿಸಿಲ್ಲ. ನಿಮ್ಮ ಖಾತೆಯಿಂದ ಹೋದದ್ದು 590, ಆದ್ದರಿಂದ ವಾಪಸ್ ಬರಬೇಕಾದ್ದೂ ಬಡ್ಡಿ ಲೆಕ್ಕಕ್ಕೆ ಬರಬೇಕಾದ್ದೂ 590. ಬಹಳ ಕಡೆ 500 ಮಾತ್ರ ಬರುತ್ತದೆ. ಕಾರಣ ಇದು: ಬ್ಯಾಂಕ್ ಆಗಲೇ ಕಟ್ಟಿದ ತೆರಿಗೆಯನ್ನು ಕ್ರೆಡಿಟ್ ನೋಟ್ (ಬಿಲ್ ಮೊತ್ತ ಕಡಿಮೆ ಮಾಡುವ ದಾಖಲೆ) ಮೂಲಕ ಸರಿಹೊಂದಿಸಿಕೊಳ್ಳಲು ಆ ಹಣಕಾಸು ವರ್ಷ ಮುಗಿದ ನಂತರದ ನವೆಂಬರ್ 30ರವರೆಗೆ ಮಾತ್ರ ಅವಕಾಶ. ನಿಮ್ಮ ಮೊದಲ ಮೂರು ದಂಡ 2024–25ರವು, ಅವುಗಳ ಗಡುವು 30-11-2025ಕ್ಕೇ ಮುಗಿದಿದೆ. ಏಪ್ರಿಲ್ 2025ರದ್ದಕ್ಕೆ 30-11-2026ರವರೆಗೆ ಸಮಯ ಇದೆ. ಗಡುವು ಮುಗಿದದ್ದು ಬ್ಯಾಂಕ್ ಮತ್ತು ತೆರಿಗೆ ಇಲಾಖೆಯ ನಡುವಿನ ವಿಷಯ. ತಪ್ಪು ಡೆಬಿಟ್ ಮಾಡಿದವರು ಆ 90 ರೂ.ಯನ್ನು ತಮ್ಮ ಖಾತೆಯಿಂದ ಕೊಡಬೇಕು. ಓಡಿಯ 11,800ರಲ್ಲೂ 1,800 ತೆರಿಗೆಯೇ. ಅಂಗಡಿಗೆ ಜಿಎಸ್‌ಟಿ ನೋಂದಣಿ ಇದ್ದು ಆ 1,800ಕ್ಕೆ ಇನ್‌ಪುಟ್ ಕ್ರೆಡಿಟ್ ತೆಗೆದುಕೊಂಡಿದ್ದರೆ (ಅಂಗಡಿ ಕಟ್ಟಬೇಕಾದ ಜಿಎಸ್‌ಟಿಯಲ್ಲಿ ಅದನ್ನು ಕಳೆದುಕೊಂಡಿದ್ದರೆ) ಮಾತ್ರ ಲೆಕ್ಕ ಬದಲಾಗುತ್ತದೆ, ಮೊದಲು ನಿಮ್ಮ ಲೆಕ್ಕಪರಿಶೋಧಕರನ್ನು ಕೇಳಿ.

ಇನ್ನು, ದಿನಕ್ಕೆ 100 ರೂ. ಪರಿಹಾರವನ್ನು ಈ ಪ್ರಕರಣಕ್ಕೆ ಸೇರಿಸಬೇಡಿ. ಅದು ವಿಫಲ ವಹಿವಾಟಿಗೆ ಮಾತ್ರ, 15-10-2019ರಿಂದ ಜಾರಿಯಲ್ಲಿದೆ: ಎಟಿಎಂನಲ್ಲಿ ಹಣ ಬರದೆ ಖಾತೆಯಿಂದ ಹೋದರೆ 5 ದಿನದೊಳಗೆ, ಯುಪಿಐನಲ್ಲಿ ಕಳಿಸಿದ ಹಣ ತಲುಪದಿದ್ದರೆ ಮರುದಿನದೊಳಗೆ ವಾಪಸ್ ಬರಬೇಕು, ಆಮೇಲೆ ದಿನಕ್ಕೆ 100. ನೆಫ್ಟ್ ತಡವಾದರೆ ಅದೂ ಬೇರೆ, ರೆಪೊ ದರಕ್ಕೆ ಶೇ 2 ಸೇರಿಸಿದ ಬಡ್ಡಿ. ಶುಲ್ಕದ ಪ್ರಕರಣದಲ್ಲಿ ಇವನ್ನು ಬರೆದರೆ ಸಂಬಂಧವಿಲ್ಲದ ಬೇಡಿಕೆ ಅಂತ ಪಕ್ಕಕ್ಕಿಡುತ್ತಾರೆ.

—

ಬ್ಯಾಕ್_ಆಫೀಸ್

ಶೀಟ್ ಮಾಡುವಾಗ ಒಂದು ಕಡೆ ಎಲ್ಲರೂ ಎಡವುತ್ತಾರೆ. ಸ್ಟೇಟ್‌ಮೆಂಟನ್ನು ಸಿಎಸ್‌ವಿ ಆಗಿ ಇಳಿಸಿ ಎಕ್ಸೆಲ್‌ನಲ್ಲಿ ತೆರೆದಾಗ 05-07-2024 ಅನ್ನುವುದು ಜುಲೈ 5ರ ಬದಲು ಮೇ 7 ಆಗಿ ಕೂರಬಹುದು. ಕಂಪ್ಯೂಟರಿನ ತಾರೀಖು ಕ್ರಮ ಅಮೆರಿಕದ್ದಾಗಿದ್ದರೆ ಹೀಗಾಗುತ್ತದೆ. ಆಗ ದಿನ 544ರ ಬದಲು 603 ಬರುತ್ತದೆ, ಯಾವ ದೋಷ ಸಂದೇಶವೂ ಬರುವುದಿಲ್ಲ. 12ರ ಮೇಲಿನ ತಾರೀಖುಗಳು ಮಾತ್ರ ಬರೀ ಅಕ್ಷರಗಳಾಗಿ ಎಡಕ್ಕೆ ಅಂಟಿಕೊಂಡು ನಿಲ್ಲುತ್ತವೆ. ಅದು ಕಂಡರೆ ಇಡೀ ಕಾಲಂ ಅನುಮಾನದಿಂದ ನೋಡಿ. ತಾರೀಖಿನ ಕಾಲಂಗೆ ತಿಂಗಳ ಹೆಸರು ಅಕ್ಷರದಲ್ಲಿ ಕಾಣುವ ಫಾರ್ಮ್ಯಾಟ್ ಹಾಕಿ, ಪಾಸ್‌ಬುಕ್ ಪಕ್ಕ ಇಟ್ಟುಕೊಂಡು ಸಾಲು ಸಾಲಾಗಿ ತಾಳೆ ನೋಡಿ.

ಕೊನೆಯ ತಾರೀಖನ್ನು ಪ್ರತಿ ಸಾಲಿನಲ್ಲೂ ಬರೆಯಬೇಡಿ, ಮೇಲೆ ಒಂದೇ ಕೋಶದಲ್ಲಿಟ್ಟು ಎಲ್ಲ ಸಾಲುಗಳೂ ಅದನ್ನೇ ನೋಡುವಂತೆ ಮಾಡಿ. ಪಾವತಿ ತಡವಾದಾಗ ಆ ಒಂದು ಕೋಶ ಬದಲಿಸಿದರೆ ಸಾಕು. ಪತ್ರದಲ್ಲಿ ದಿನದ ಬಡ್ಡಿಯನ್ನೂ ಬರೆಯಿರಿ: 2,360ಕ್ಕೆ ಶೇ 9ರಂತೆ ದಿನಕ್ಕೆ 58 ಪೈಸೆ.

ಮಧ್ಯದಲ್ಲಿ ಬ್ಯಾಂಕ್ ಹೇಳದೆ ಕೇಳದೆ 1,180 ಮಾತ್ರ ಜಮೆ ಮಾಡಿದರೆ, ಅದು ಯಾವ ಎರಡು ದಂಡಕ್ಕೆ ಅಂತ ಬರವಣಿಗೆಯಲ್ಲಿ ಕೇಳಿ. ಉತ್ತರ ಬರುವವರೆಗೆ ಹಳೆಯ ಎರಡಕ್ಕೆ ಹೊಂದಿಸಿ, ಆ ಎರಡರ ಬಡ್ಡಿಯನ್ನು ಜಮೆಯಾದ ದಿನಕ್ಕೆ ನಿಲ್ಲಿಸಿ, ಉಳಿದೆರಡಕ್ಕೆ ಮುಂದುವರಿಸಿ. "ಪೂರ್ಣ ಮತ್ತು ಅಂತಿಮ" ಅನ್ನುವ ಕಾಗದಕ್ಕೆ ಸಹಿ ಕೇಳಿದರೆ, ಸಹಿಯ ಮೇಲೆ "ಶುಲ್ಕದ ಮೊತ್ತಕ್ಕೆ ಮಾತ್ರ, ಬಡ್ಡಿಯ ಬೇಡಿಕೆ ಉಳಿದಿದೆ" ಅಂತ ಕೈಬರಹದಲ್ಲಿ ಸೇರಿಸಿ, ಆ ಪುಟದ ಫೋಟೊ ತೆಗೆದುಕೊಂಡ ಮೇಲೆಯೇ ಕಾಗದ ಕೊಡಿ.